ಎದುರುಮನೆಯಲ್ಲಿಟ್ಟ ಪ್ರಸ್ಥಾನ

ನನ್ನ ಮಗಳ ಸಂಸಾರಕ್ಕೆ ದೇಶ ಸಿಕ್ಕಿತು. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಮಗಳು ಸುಧಾ, ಅಳಿಯಂದಿರು, ಮೊಮ್ಮಗಳು ಮೀನಾ, ಇವರನ್ನು ನ್ಯೂಜಿಲ್ಯಾಂಡಿನವರು ಬನ್ನಿ ಎಂದು ಕರೆದರು. ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಾಗದ ಬಂತು. ಸಿಂಗಪುರದ ಹೌಗಾಂಗಿನಲ್ಲಿ ನಮ್ಮ ಮನೆ ಏಳನೇ ಮಹಡಿಯಲ್ಲಿತ್ತು. ಲಿಫ್ಟು ಐದಕ್ಕೆ ನಿಲ್ಲುತ್ತಿತ್ತು, ಒಂಬತ್ತಕ್ಕೆ ನಿಲ್ಲುತ್ತಿತ್ತು, ಏಳಕ್ಕೆ ನಿಲ್ಲುತ್ತಿರಲಿಲ್ಲ. ಕೆಳಗೆ ಕಟ್ಟಡದಡಿಯ ಖಾಲಿ ಜಾಗ, ಇಲ್ಲಿಯವರು ಹೇಳುವ ವಾಯ್ಡ್ ಡೆಕ್ಕು, ಅಲ್ಲಿದ್ದ ಟಪಾಲು ಪೆಟ್ಟಿಗೆಯಿಂದ ಲಕೋಟೆ ತೆಗೆದುಕೊಂಡ ಮೀನಾ ಲಿಫ್ಟಿಗೆ ಕಾಯದೆ ಏಳು ಮಹಡಿಯನ್ನೂ ಹತ್ತಿ ಓಡಿ ಬಂದಳು. ಅಳಿಯಂದಿರು ಲಕೋಟೆಯ ಅಂಚನ್ನು ಚಾಕುವಿನಿಂದ ಮೆಲ್ಲಗೆ ಸೀಳಿದರು, ಓದಿದರು, ಇನ್ನೊಂದು ಸಲ ಓದಿದರು, ಆಮೇಲೆ ನಿಂತಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ನನಗೆ ಇಂಗ್ಲಿಷ್ ಬಾರದು. ನಾನು ಸುಧಾಳ ಮುಖ ನೋಡುತ್ತಿದ್ದೆ.

“ಆಯ್ತಮ್ಮ. ಕರೆದಿದಾರೆ.”

ನಾನು ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದು ಎಲ್ಲರ ಬಾಯಿಗೂ ಹಾಕಿದೆ. ಅಳಿಯಂದಿರ ಬಾಯಿಗೂ ನನ್ನ ಕೈಯಿಂದಲೇ ಹಾಕಿದೆ. ಅತ್ತೆ ಅಳಿಯನ ಬಾಯಿಗೆ ಹಾಕುವುದು ನಮ್ಮಲ್ಲಿ ಇಲ್ಲ, ಆ ಹೊತ್ತಿನಲ್ಲಿ ಅದೆಲ್ಲ ಯಾರಿಗೆ ನೆನಪು. ಎದುರುಮನೆಯ ಚೀನೀ ಆಂಟಿಗೂ ಒಂದು ಚಮಚ ಸಕ್ಕರೆ ಕೊಟ್ಟು ಬಂದೆ. ಅವಳಿಗೆ ಏನು ಅರ್ಥವಾಯಿತೋ, ನನ್ನ ಎರಡೂ ಕೆನ್ನೆ ಹಿಂಡಿದಳು. ಮನೆ ಸಿಗುತ್ತದೆ, ಕೆಲಸ ಸಿಗುತ್ತದೆ, ಗಂಡು ಸಿಗುತ್ತದೆ, ಇದೆಲ್ಲ ನಾನು ಕೇಳಿದ್ದ ಮಾತು. ದೇಶ ಸಿಗಬೇಕಾದವರೂ ಲೋಕದಲ್ಲಿದ್ದಾರೆ, ಅದು ಸಿಗದಿದ್ದರೆ ಅನ್ನ ಗಂಟಲಿಗೆ ಇಳಿಯುವುದಿಲ್ಲ ಎನ್ನುವುದನ್ನು ಕಲಿತದ್ದು ಆ ಏಳು ತಿಂಗಳಲ್ಲಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಸೊಟ್ಟವಾದರೆ ಆಗಲಿ, ಆ ಸಂತೋಷವನ್ನು ಬರೆಯದೆ ಇಟ್ಟುಕೊಂಡರೆ ಅದು ನನ್ನ ಜೊತೆಯಲ್ಲೇ ಹೋಗಿಬಿಡುತ್ತದೆ. ಆದರೆ ಅದನ್ನು ಹೇಳಬೇಕಾದರೆ, ಅದನ್ನು ನನ್ನ ಕೈಯಾರೆ ನಾನೇ ಹೇಗೆ ಹಾಳುಮಾಡುವುದರಲ್ಲಿದ್ದೆ ಎನ್ನುವುದನ್ನೂ ಹೇಳಬೇಕು.

ಅಳಿಯಂದಿರ ಹೆಸರು ಫರೀದ್, ಕಾಬೂಲಿನವರು. ಮೈಸೂರಿಗೆ ಇಂಜಿನಿಯರಿಂಗ್ ಓದಲು ಬಂದು, ಹಾಸ್ಟೆಲಿನ ಹುಡುಗರಿಂದ ಕನ್ನಡದಲ್ಲಿ ಮೊದಲು ಬೈಯುವುದನ್ನೂ ಆಮೇಲೆ ಮಾತಾಡುವುದನ್ನೂ ಕಲಿತು, ನಮ್ಮ ಸುಧಾಳನ್ನು ಮದುವೆಯಾದರು. ನಮ್ಮ ಯಜಮಾನರು ಅಂದು ಮಗಳಿಗೆ ಹಾಕಿದ ಬಾಗಿಲನ್ನು ಸಾಯುವ ತನಕ ತೆಗೆಯಲಿಲ್ಲ. ಸುಧಾ ಗಂಡನ ದೇಶದ ಪಾಸ್‌ಪೋರ್ಟ್ ಮಾಡಿಸಿಕೊಂಡು ಕಾಬೂಲಿಗೆ ಹೋದಳು. ಮೀನಾ ಅಲ್ಲೇ ಹುಟ್ಟಿದಳು. ಆಮೇಲೆ ಆ ಊರಿನ ಮೇಲೆ ರಾಕೆಟ್ಟುಗಳು ಬೀಳಲು ಶುರುವಾದವು. ಮನೆ ಹೋಯಿತು, ಅಳಿಯಂದಿರ ಒಬ್ಬನೇ ತಮ್ಮ ಹೋದ. ಪೇಶಾವರದಲ್ಲಿ ಸ್ವಲ್ಪ ದಿನ, ದೆಹಲಿಯಲ್ಲಿ ಎರಡು ವರ್ಷ. ದೆಹಲಿಯಲ್ಲಿ ಕೆಲಸಕ್ಕೆ ಸೇರಲು ಕಾಗದವಿಲ್ಲ, ಮಗುವನ್ನು ಶಾಲೆಗೆ ಹಾಕಲು ಕಾಗದವಿಲ್ಲ. ಕೊನೆಗೆ ನನ್ನ ಮಗ ಪ್ರಕಾಶ ಅವರನ್ನು ಸಿಂಗಪುರಕ್ಕೆ ಕರೆಸಿಕೊಂಡ. ಅವನು ಇಲ್ಲಿ ಹಡಗು ರಿಪೇರಿಯ ಕಡೆ ಇಂಜಿನಿಯರು. ನಾನು ಅವನ ಜೊತೆಗೇ ಇದ್ದೆ. ಆದರೆ ಸಿಂಗಪುರದಲ್ಲಿ ನಿರಾಶ್ರಿತರನ್ನು ಇರಿಸಿಕೊಳ್ಳುವುದಿಲ್ಲ. ನೆಂಟರಾಗಿ ಬಂದವರು ನೆಂಟರಾಗಿಯೇ ಹೊರಡಬೇಕು. ನಾಲ್ಕು ವಾರ, ಆರು ವಾರ ಎಂದು ಇಲ್ಲಿರಲು ಕೊಡುವ ಪಾಸಿಗೆ ಠಸ್ಸೆ ಹಾಕಿಸಿಕೊಳ್ಳುತ್ತಿರಬೇಕು; ಅಷ್ಟರಲ್ಲಿ ಇನ್ನೊಂದು ದೇಶ ಕರೆದರೆ ಸರಿ, ಇಲ್ಲದಿದ್ದರೆ ವಾಪಸ್ಸು.

ಎರಡು ಕೋಣೆ, ಒಂದು ಹಾಲು, ಇಷ್ಟೇ ಮನೆ. ಒಂದು ಕೋಣೆ ಪ್ರಕಾಶ ಮತ್ತು ಸೊಸೆ ವಾಸಂತಿಗೆ, ಇನ್ನೊಂದು ಬಂದವರಿಗೆ, ಹಾಲಿನ ಸೋಫಾದ ಪಕ್ಕದ ನೆಲ ನನಗೆ. ಕಾನೂನಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಪ್ರಕಾಶನಿಗೆ ಹೆದರಿಕೆ. ಕಾರಿಡಾರಿನಲ್ಲಿ ಓಡಾಡುವವರು ಲೆಕ್ಕ ಹಾಕುತ್ತಾರೆಂದು ಬಂದವರ ಚಪ್ಪಲಿಯನ್ನು ಒಳಗೆ ಇಡಿಸಿದ. ಅಳಿಯಂದಿರು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಸ್ನಾನ ಮುಗಿಸಿ, ಬಚ್ಚಲಿನ ನೆಲ ಒರೆಸಿ, ಒಗೆದ ಅಂಗಿಯನ್ನು ಬಿದಿರು ಕೋಲಿಗೆ ಹಾಕಿ ಕಿಟಕಿಯಾಚೆ ಚಾಚಿ, ಕೋಣೆಗೆ ಹೋಗಿ ಕೂತರೆ ಮನೆಯಲ್ಲಿ ಒಬ್ಬ ಗಂಡಸು ಹೆಚ್ಚಾಗಿದ್ದಾನೆ ಎಂದೇ ತಿಳಿಯುತ್ತಿರಲಿಲ್ಲ. ವಾಸಂತಿಗೆ ನಾಲಿಗೆ ಚುರುಕು. ಒಂದು ದಿನ ಗಂಡನಿಗೆ ಕೇಳುವ ಹಾಗೆ ನನಗೆ ಹೇಳಿದಳು:

“ಅತ್ತೆ, ನಿಮ್ಮ ಅಳಿಯಂದಿರು ಇದಾರೋ ಇಲ್ವೋ ಗೊತ್ತೇ ಆಗಲ್ಲ. ನಿಮ್ಮ ಮಗ ಒಬ್ಬರಿದ್ರೆ ಹತ್ತು ಜನ ಇದ್ದಂಗೆ.”

ಹಾಗೆಂದು ಮನೆ ನೆಮ್ಮದಿಯಾಗಿತ್ತು ಎಂದಲ್ಲ. ಟೆಲಿಫೋನು ಬಡಿದುಕೊಂಡರೆ ಎಲ್ಲರೂ ನಿಂತುಬಿಡುತ್ತಿದ್ದರು. ಮಾಂಸ ಯಾವ ಅಂಗಡಿಯಿಂದ ತರಬೇಕು, ಗ್ಯಾಸಿನ ಮುಂದೆ ಯಾರು ಎಷ್ಟು ಹೊತ್ತು ನಿಲ್ಲಬೇಕು, ಮೀನಾ ಕೆಳಗೆ ಆಡುತ್ತ ಬೇರೆ ಮಕ್ಕಳಿಗೆ ಏನು ಹೇಳಿದಳು, ಎಲ್ಲಕ್ಕೂ ಸಣ್ಣ ಜಗಳ. ಜಗಳದ ಬುಡದಲ್ಲಿದ್ದದ್ದು ಮಾತ್ರ ಒಂದೇ, ಪಾಸಿನ ತಾರೀಖು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಈಗ ನಾನು ಹುಟ್ಟಿ ಬೆಳೆದ ಮನೆಯ ಮಾತು. ನನ್ನ ಬುದ್ಧಿ ತಯಾರಾದದ್ದು ಅಲ್ಲಿ, ಕೆಟ್ಟದ್ದೂ ಅಲ್ಲಿ. ಅಪ್ಪ ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದರು. ಮನೆಯ ಮುಂದಿನ ಅರ್ಧ ನಮ್ಮದು, ಹಿಂದಿನ ಅರ್ಧ ಕುದುರೆಯದು. ಗೋಡೆಯ ಆಚೆ ಅದು ಕಾಲು ಕುಟ್ಟಿದರೆ ಈಚೆ ನಮ್ಮ ಚೊಂಬು ಅಲುಗುತ್ತಿತ್ತು. ಬೆಂದ ಹುರುಳಿ ಕುದುರೆಗೆ, ಅದರ ಕಟ್ಟು ನಮಗೆ ಬಸ್ಸಾರಿಗೆ. ಇಷ್ಟು ಬಡತನದಲ್ಲೂ ಅಪ್ಪ ರಾಹುಕಾಲದಲ್ಲಿ ಗಾಡಿ ಹೂಡುತ್ತಿರಲಿಲ್ಲ. ಸ್ಟೇಷನ್ನಿಗೆ ಹೋಗುವವರು ಬಾಗಿಲಿಗೆ ಬಂದು “ರೈಲು ಹೊರಟುಹೋಗುತ್ತೆ ಕಣಯ್ಯ” ಎಂದರೆ “ರೈಲು ನಾಳೇನೂ ಬರುತ್ತೆ ಸ್ವಾಮಿ” ಎಂದು ಬೀಡಿ ಹಚ್ಚುತ್ತಿದ್ದರು. ಹೊರಡಲೇಬೇಕಾದ ಹೊತ್ತು ಕೆಟ್ಟದ್ದಾಗಿದ್ದರೆ ಅದಕ್ಕೂ ಒಂದು ದಾರಿಯಿತ್ತು. ಅದೇ ಪ್ರಸ್ಥಾನ. ಹೊರಡುವವರ ಒಂದು ವಸ್ತುವನ್ನು ಒಳ್ಳೆಯ ಹೊತ್ತಿನಲ್ಲೇ ನೆರೆಮನೆಗೆ ಒಯ್ದು ಇಟ್ಟುಬಿಟ್ಟರೆ ಪಯಣ ಆಗಲೇ ಶುರುವಾದ ಹಾಗೆ. ಆಮೇಲೆ ಮನುಷ್ಯ ಯಾವಾಗ ಹೊರಟರೂ ದೋಷವಿಲ್ಲ, ಹೋಗುವಾಗ ಆ ವಸ್ತುವನ್ನು ಎತ್ತಿಕೊಂಡು ಹೋದರಾಯಿತು.

ನನ್ನ ಅಣ್ಣ ಸಿದ್ದ ಮಹಾರಾಜರ ಪಟಾಲಮ್ಮಿಗೆ ಸೇರಿದ್ದ. ಯುದ್ಧದ ಕಾಲ. ಸಿಂಗಪುರಕ್ಕೆ ಕಳಿಸುತ್ತಾರೆ ಎಂದು ಸುದ್ದಿ ಬಂತು. ಆ ಊರಿನ ಹೆಸರು ನಮ್ಮ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಅವನು ಹೊರಡಬೇಕಾದ ಹೊತ್ತು ರಾಹುಕಾಲಕ್ಕೆ ಬಿತ್ತು. ಅಪ್ಪ ಅವನ ಹೆಗಲ ವಲ್ಲಿಯಲ್ಲಿ ಅಡಿಕೆ, ಅರಿಶಿನದ ಕೊನೆ, ಅಕ್ಷತೆ ಕಟ್ಟಿ, ನೆರೆಯ ಮಾದಮ್ಮನ ಮನೆಯಲ್ಲಿ ಇಟ್ಟು ಬಾ ಎಂದು ನನ್ನ ಕೈಗೆ ಕೊಟ್ಟರು. ನನಗೆ ಒಂಬತ್ತು ವರ್ಷ. ದಾರಿಯಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಒಂದಾಟ ಎಂದು ನಿಂತೆ. ಗಿರಣಿಯ ಸೈರನ್ನು ಕೂಗಿದಾಗ ಹೊತ್ತು ಮೀರಿದ್ದು ತಿಳಿಯಿತು, ಓಡಿಹೋಗಿ ಇಟ್ಟುಬಂದೆ.

“ಹೊತ್ತಿಗೆ ಸರಿಯಾಗಿ ಇಟ್ಟೆ ತಾನೆ?” ಅಪ್ಪ ಕೇಳಿದರು.

“ಇಟ್ಟೆ” ಅಂದೆ.

ಸಿದ್ದಣ್ಣ ವಾಪಸ್ಸು ಬರಲಿಲ್ಲ. ಕಾಗದವೂ ಬರಲಿಲ್ಲ. ಅವ್ವ ಆ ಊರಿನ ಹೆಸರನ್ನು ಮತ್ತೆ ಬಾಯಲ್ಲಿ ಆಡಲಿಲ್ಲ. ಐವತ್ತು ವರ್ಷದ ಮೇಲೆ ಮಗನ ಕೆಲಸದಿಂದ ನಾನು ಅದೇ ಊರಿಗೆ ಬಂದು ಇಳಿದೆ. ಏರೋಪ್ಲೇನಿನ ಕಿಟಕಿಯಲ್ಲಿ ದೀಪ ಕಂಡಾಗ ಪ್ರಕಾಶ “ಚೆನ್ನಾಗಿದೆ ಅಲ್ವಾಮ್ಮ” ಎಂದ. ನಾನು ಹೂಂ ಅಂದೆ. ಅಪ್ಪನಿಗೆ ಹೇಳಿದ ಆ ಸುಳ್ಳನ್ನು ಅಷ್ಟು ವರ್ಷವೂ ಯಾರಿಗೂ ಹೇಳಿರಲಿಲ್ಲ.

ನ್ಯೂಜಿಲ್ಯಾಂಡಿನ ಅಧಿಕಾರಿ ಒಬ್ಬರು ಒಂದು ದಿನದ ಮಟ್ಟಿಗೆ ಸಿಂಗಪುರಕ್ಕೆ ಬಂದು, ಅರ್ಜಿ ಹಾಕಿದವರನ್ನು ಮಾತಾಡಿಸುತ್ತಾರೆ ಎಂದು ಕಾಗದ ಬಂತು. ಸೋಮವಾರ ಹತ್ತು ಗಂಟೆಗೆ. ಮೂಲ ಕಾಗದಗಳನ್ನೆಲ್ಲ ತರಬೇಕು. ಮನೆಯಿಂದ ಎಂಟೂವರೆಗೆ ಹೊರಡಬೇಕು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ನಾನು ಯಾರಿಗೂ ಹೇಳಲಿಲ್ಲ; ಹೇಳಿದರೆ ಪ್ರಕಾಶ ನಗುತ್ತಾನೆ. ಬರೀ ಅಡಿಕೆ ಇಟ್ಟರೆ ಇಷ್ಟು ದೊಡ್ಡ ಪಯಣಕ್ಕೆ ಸಾಲದು ಅನ್ನಿಸಿತು. ಅವರ ಪಾಸ್‌ಪೋರ್ಟು, ಮದುವೆಯ ಕಾಗದ, ಮೀನಾಳ ಹುಟ್ಟಿದ ಕಾಗದ, ಅಳಿಯಂದಿರ ಡಿಗ್ರಿ, ಎಲ್ಲ ಇದ್ದ ನೀಲಿ ಬ್ಯಾಗನ್ನೇ ತೆಗೆದುಕೊಂಡು, ಅಡಿಕೆ ಅರಿಶಿನದ ಗಂಟನ್ನು ಅದರೊಳಗೆ ಇಟ್ಟು, ಏಳು ಗಂಟೆ ಹತ್ತು ನಿಮಿಷಕ್ಕೆ ಎದುರುಮನೆಯ ಆಂಟಿಯ ಕೈಗೆ ಕೊಟ್ಟೆ. ಅವಳೂ ನನ್ನ ವಯಸ್ಸಿನವಳು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ನಾನು ಚಕ್ಕುಲಿ ಕೊಡುತ್ತಿದ್ದೆ, ಅವಳು ಕಿತ್ತಳೆ ಕೊಡುತ್ತಿದ್ದಳು. ಬ್ಯಾಗು ತೆಗೆದುಕೊಂಡು ನಕ್ಕು ತಲೆಯಾಡಿಸಿದಳು. ಈ ಸಲ ಹೊತ್ತಿಗೆ ಸರಿಯಾಗಿ ಇಟ್ಟೆ ಎಂದು ಹಗುರವಾಗಿ ಬಂದು ಉಪ್ಪಿಟ್ಟಿಗೆ ರವೆ ಹುರಿದೆ.

ಎಂಟೂ ಕಾಲಿಗೆ ಸುಧಾ ಕೋಣೆಯಿಂದ ಕೇಳಿದಳು:

“ಅಮ್ಮ, ನೀಲಿ ಬ್ಯಾಗ್ ನೋಡಿದ್ಯಾ?”

“ಇದೆ ಇದೆ. ಎದುರುಮನೇಲಿಟ್ಟಿದೀನಿ. ಹೋಗ್ತಾ ಎತ್ಕೊಂಡ್ರೆ ಆಯ್ತು.”

“ಎದುರುಮನೇಲಿ ಯಾಕಮ್ಮ?”

ನಾನು ಉತ್ತರ ಹೇಳುವ ಮೊದಲೇ ಅಳಿಯಂದಿರು ಬಾಗಿಲು ದಾಟಿದ್ದರು. ಎದುರುಮನೆಯ ಕಬ್ಬಿಣದ ಗೇಟಿಗೆ ಬೀಗ. ಬೆಲ್ಲು ಒತ್ತಿದರು, ಬಡಿದರು, ಕಿಟಕಿಯಿಂದ ಕೂಗಿದರು. ಒಳಗೆ ಯಾರೂ ಇಲ್ಲ. ಪ್ರಕಾಶ ಆಫೀಸಿಗೆ ಹೊರಟವನು ಹಾಗೇ ಕೆಳಗೆ ಓಡಿ ಮಾರ್ಕೆಟ್ಟೆಲ್ಲ ಹುಡುಕಿದ. ಅಳಿಯಂದಿರು ಕಾಫಿ ಅಂಗಡಿ, ಬಸ್‌ಸ್ಟಾಪು ನೋಡಿ ಬಂದರು. ಎಂಟೂ ಮುಕ್ಕಾಲಾಯಿತು. ಪ್ರಕಾಶ ನನ್ನ ಮುಂದೆ ನಿಂತ. ಅವನು ಕೂಗಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದ:

“ಐದು ತಿಂಗಳಿಂದ ಈ ಒಂದು ದಿನಕ್ಕೆ ಕಾಯ್ತಿದೀವಿ. ನೀನು ನಿನ್ನ ರಾಹು ಕೇತು ಇಟ್ಕೊಂಡು ಅವರ ಬದುಕಿಗೆ ಬೀಗ ಹಾಕ್ದೆ ಅಮ್ಮ.”

“ಪ್ರಕಾಶ್, ಬಿಡಿ” ಅಂದರು ಅಳಿಯಂದಿರು. “ನಾವು ಹೋಗ್ತೀವಿ. ಬ್ಯಾಗ್ ಇಲ್ಲ ಅಂತ ಹೇಳ್ತೀವಿ. ಹೋಗದೆ ಇರೋದು ಬೇಡ.”

ಅವರು ಹೋದರು. ಪ್ರಕಾಶ ಆಫೀಸಿಗೆ ಹೋದ. ನಾನು ಎದುರುಮನೆಯ ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತೆ. ವಾಸಂತಿ ರಜ ಹಾಕಿ ನನ್ನ ಜೊತೆ ಉಳಿದಳು. ಒಂದು ಸಲ ನೀರು ತಂದು ಕೊಟ್ಟಳು, ಆ ದಿನ ಅವಳ ನಾಲಿಗೆ ಚುರುಕಾಗಿರಲಿಲ್ಲ. ಒಂಬತ್ತಾಯಿತು, ಹತ್ತಾಯಿತು. ಈಗ ಒಳಗೆ ಕರೆದಿರುತ್ತಾರೆ, ಈಗ ಕಾಗದ ಕೇಳಿರುತ್ತಾರೆ ಎಂದು ನನ್ನೊಳಗೇ ಆ ಆಫೀಸು ನಡೆಯುತ್ತಿತ್ತು. ಹತ್ತೂ ನಲವತ್ತಕ್ಕೆ ಆಂಟಿ ಎರಡೂ ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು ಕಾರಿಡಾರಿನ ಕೊನೆಯಲ್ಲಿ ಕಂಡಳು. ಮಗಳ ಮನೆಗೆ ಹೋಗಿದ್ದಳಂತೆ. ವಾಸಂತಿ ಇಂಗ್ಲಿಷು, ಕೈಸನ್ನೆ ಸೇರಿಸಿ ಕೇಳಿದಳು, ಅವಳು ಬೀಗ ತೆಗೆದು ಫ್ರಿಜ್ಜಿನಿಂದ ಬ್ಯಾಗು ತಂದುಕೊಟ್ಟಳು. ನಾನು ಕೊಟ್ಟದ್ದು ಯಾವಾಗಲೂ ತಿಂಡಿ. ಇದೂ ತಿಂಡಿಯೇ, ಕೆಡಬಾರದು ಎಂದು ಒಳಗೆ ಇಟ್ಟಿದ್ದಳು. ವಿಷಯ ತಿಳಿದ ಮೇಲೆ ಅವಳ ಮುಖ ನೋಡಲಾಗಲಿಲ್ಲ.

ಸೋಮವಾರ ಹತ್ತೂವರೆಯಿಂದ ಹನ್ನೆರಡು ಯಮಗಂಡಕಾಲ. ಅದರಲ್ಲಿ ಹೊರಟವರು ಮರಳುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ನಾನು ಬ್ಯಾಗನ್ನು ಎದೆಗೆ ಒತ್ತಿಕೊಂಡು, ಹವಾಯಿ ಚಪ್ಪಲಿಯಲ್ಲೇ ಐದನೇ ಮಹಡಿಗೆ ಇಳಿದು ಲಿಫ್ಟು ಹಿಡಿದೆ. ವಾಸಂತಿ, ಆಂಟಿ, ಇಬ್ಬರೂ ಹಿಂದೆ. ಆಂಟಿ ರಸ್ತೆಯ ನಡುವೆ ನಿಂತು ಟ್ಯಾಕ್ಸಿ ನಿಲ್ಲಿಸಿ, ಡ್ರೈವರನ ಮುಖದ ಹತ್ತಿರ ಬಾಗಿ ಚೀನೀ ಮಾತಿನಲ್ಲಿ ಏನೋ ಗದರಿದಳು. ದಾರಿಯುದ್ದಕ್ಕೂ ಅವನು ಒಂದು ಕಡೆಯೂ ನಿಧಾನ ಮಾಡಲಿಲ್ಲ.

ಒಂಬತ್ತನೇ ಮಹಡಿಯ ಆಫೀಸಿನ ಹೊರಗೆ ಬೆಂಚಿನ ಮೇಲೆ ಮೂವರೂ ಕೂತಿದ್ದರು. ಸುಧಾಳ ಕಣ್ಣು ಊದಿತ್ತು.

“ಆಗಲ್ಲವಂತೆ ಅಮ್ಮ. ಕಾಗದ ನೋಡದೆ ಮಾತಾಡ್ಸಲ್ಲವಂತೆ. ಸಂಜೆ ವಿಮಾನಕ್ಕೆ ಹೊರಟುಬಿಡ್ತಾರೆ. ಮತ್ತೆ ಬರೋದು ಮೂರು ತಿಂಗಳಿಗೆ.”

ಪಾಸಿಗೆ ಉಳಿದದ್ದು ಐದು ವಾರ. ನಾನು ಮೀನಾಳ ಕೈ ಹಿಡಿದು ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಮೇಜಿನ ಹುಡುಗಿ ಎದ್ದು ತಡೆಯುವಷ್ಟರಲ್ಲಿ ಇನ್ನೊಂದು ಬಾಗಿಲನ್ನೂ ದಾಟಿದ್ದೆವು. ಅಧಿಕಾರಿ ಉದ್ದದ ಮನುಷ್ಯ. ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಿದ್ದರು. ಏನೋ ಕೇಳಿದರು.

“ನೀನು ಯಾರು ಅಂತ ಕೇಳ್ತಿದಾರೆ ಅಜ್ಜಿ.”

“ತಪ್ಪು ಮಾಡಿದೋಳು ಅಂತ ಹೇಳು.”

ಮೀನಾ ಹೌಗಾಂಗಿನ ಮಕ್ಕಳಿಂದ ಕಲಿತ, ಕೊನೆಗೊಂದು ಲಾ ಅಂಟಿಸುವ ಇಂಗ್ಲಿಷಿನಲ್ಲಿ ಹೇಳಿದಳು: “ಶಿ ಈಸ್ ಮೈ ಅಜ್ಜಿ. ಶಿ ಹೈಡ್ ದಿ ಬ್ಯಾಗ್ ಲಾ.”

ನಾನು ಬ್ಯಾಗನ್ನು ಮೇಜಿನ ಮೇಲಿಟ್ಟು ಜಿಪ್ಪು ಎಳೆದೆ. ಗಂಟು ಸಡಿಲವಾಗಿತ್ತೇನೋ, ಎರಡು ಅಡಿಕೆ ಉರುಳಿ ಅವರ ಬ್ರೆಡ್ಡಿನ ಹತ್ತಿರ ಹೋಗಿ ನಿಂತವು. ಅವರು ಪಾಸ್‌ಪೋರ್ಟ್ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡರು. ಮಂಜಿನ ಹಾಗೆ ತಣ್ಣಗಿತ್ತು. ಅಷ್ಟರಲ್ಲಿ ಸುಧಾ, ಅಳಿಯಂದಿರು ಒಳಗೆ ಬಂದರು. ಬ್ಯಾಗು ಟ್ಯಾಕ್ಸಿಯಲ್ಲಿ ಮರೆತುಹೋಗಿತ್ತು ಎಂದು ಹೇಳೋಣ ಎಂದು ಸುಧಾ ಹೊರಗೇ ಗಂಡನಿಗೆ ಹೇಳಿದ್ದಳಂತೆ. ಅಳಿಯಂದಿರು ಹಾಗೆ ಹೇಳಲಿಲ್ಲ. ಅಡಿಕೆ ಯಾಕೆ, ಬ್ಯಾಗು ಎಲ್ಲಿತ್ತು, ಫ್ರಿಜ್ಜಿಗೆ ಹೇಗೆ ಹೋಯಿತು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು. ಅಧಿಕಾರಿ ಗಡಿಯಾರ ನೋಡಿದರು. ಬ್ರೆಡ್ಡನ್ನು ಮತ್ತೆ ಸುತ್ತಿ ಪಕ್ಕಕ್ಕಿಟ್ಟರು. ನನ್ನನ್ನೂ ಮೀನಾಳನ್ನೂ ಹೊರಗೆ ಕೂರಿಸಿದರು. ಮುಕ್ಕಾಲು ಗಂಟೆಯ ಮೇಲೆ ಇಬ್ಬರೂ ಹೊರಗೆ ಬಂದರು. ಅಳಿಯಂದಿರ ತಮ್ಮ ಸತ್ತದ್ದನ್ನು ಮೂರು ಸಲ ಮೂರು ರೀತಿ ಕೇಳಿದರಂತೆ. ಕರೆಯುತ್ತೇವೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಆಮೇಲಿನ ವಾರಗಳನ್ನು ಹೇಗೆ ಬರೆಯಲಿ. ಪ್ರಕಾಶ ನನ್ನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದ. ಡಾಕ್ಟರ ಪರೀಕ್ಷೆಗೆ ಕರೆದರು, ಆಸೆ ಹುಟ್ಟಿತು. ಆಮೇಲೆ ಏನೂ ಸುದ್ದಿಯಿಲ್ಲ, ಆಸೆ ಕರಗಿತು. ಅಳಿಯಂದಿರು ಮಾತ್ರ ಮಧ್ಯಾಹ್ನ ಏಲಕ್ಕಿ ಹಾಕಿದ ಹಸಿರು ಚಹಾ ಮಾಡಿ ನನಗೂ ಒಂದು ಲೋಟ ತಂದಿಡುತ್ತಿದ್ದರು. ಒಂದು ದಿನ ಇಬ್ಬರೇ ಇದ್ದೆವು. ನನಗೆ ತಡೆಯಲಾಗಲಿಲ್ಲ. ಸಿದ್ದಣ್ಣನ ವಲ್ಲಿ, ಕುಂಟೆಬಿಲ್ಲೆ, ಅಪ್ಪನಿಗೆ ಹೇಳಿದ ಸುಳ್ಳು, ಎಲ್ಲ ಹೇಳಿದ್ದು ಲೋಕದಲ್ಲಿ ಅವರೊಬ್ಬರಿಗೇ. ಅವರು ಲೋಟ ಕೆಳಗಿಟ್ಟರು.

“ಅಮ್ಮ, ನಮ್ಮ ಮನೆ ಮೇಲೆ ರಾಕೆಟ್ ಬಿದ್ದಿದ್ದು ಈದ್ ದಿನ ಬೆಳಿಗ್ಗೆ. ತಮ್ಮ ಹೊಸ ಬಟ್ಟೆ ಹಾಕ್ಕೊಂಡಿದ್ದ. ಅದಕ್ಕಿಂತ ಒಳ್ಳೆ ಹೊತ್ತು ನಾನು ಎಲ್ಲಿಂದ ತರ್ಲಿ?”

ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು.

“ನಿಮಗೆ ಆಗ ಒಂಬತ್ತು. ನಮ್ಮ ಮೀನಾಗೆ ಈಗ ಒಂಬತ್ತು. ಅವಳು ಆಟ ಆಡ್ಕೊಂಡು ಲೇಟ್ ಮಾಡಿದ್ರೆ ನಾನು ಸತ್ತುಹೋಗ್ತೀನಾ? ಹೇಳಿ.”

ಕೆಳಗೆ ವಾಯ್ಡ್ ಡೆಕ್ಕಿನಿಂದ ಮೀನಾಳ ಗಲಾಟೆ ಏಳನೇ ಮಹಡಿಗೂ ಕೇಳುತ್ತಿತ್ತು. ಆ ಗಂಟಲನ್ನು ಕೇಳುತ್ತ ಕೂತೆ. ಒಂಬತ್ತು ವರ್ಷ ಎಂದರೆ ಎಷ್ಟು ಸಣ್ಣದು ಎಂದು ನನಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ.

ಪಾಸಿಗೆ ಇನ್ನೊಂದು ಠಸ್ಸೆ ಹಾಕಿದವರು ಇದೇ ಕೊನೆಯದು ಎಂದರು. ದಿನ ಸವೆದು ಒಂಬತ್ತು ಉಳಿದವು. ಪ್ರಕಾಶ ಕಪಾಟಿನ ಮೇಲಿನ ಸೂಟ್‌ಕೇಸುಗಳನ್ನು ಇಳಿಸಿ ಧೂಳು ಒರೆಸಿದ. ಯಾವ ಊರಿಗೆ ಎಂದು ಯಾರೂ ಕೇಳಲಿಲ್ಲ. ಮರುದಿನ ಶನಿವಾರ ಲಕೋಟೆ ಬಂತು.

ಆ ಸಂಜೆ ಹಾಲಿನಲ್ಲಿ ಪೇಪರು ಹಾಸಿ ಎಲ್ಲರೂ ಸುತ್ತ ಕೂತೆವು. ಅಳಿಯಂದಿರು ಕ್ಯಾರೆಟ್ಟು, ದ್ರಾಕ್ಷಿ ಹಾಕಿ ಅವರ ಊರಿನ ಅನ್ನ ಮಾಡಿದ್ದರು; ನಾನು ರಾಗಿಮುದ್ದೆ, ಮಟನ್ ಸಾರು ಮಾಡಿದ್ದೆ. ಬಡಿಸುತ್ತ ನಿಂತ ನನ್ನನ್ನು ಪ್ರಕಾಶ ಸೆರಗು ಹಿಡಿದು ಎಳೆದು ತನ್ನ ಪಕ್ಕ ಕೂರಿಸಿಕೊಂಡ. “ನೀನು ಬ್ಯಾಗ್ ಇಟ್ಟಿದ್ದಕ್ಕೇ ಅವರಿಗೆ ನಮ್ಮ ಫೈಲ್ ನೆನಪಿರಬೇಕು ಬಿಡು” ಅಂದ. “ಎರಡು ತಿಂಗಳು ಮುಖ ಗಂಟು ಹಾಕ್ಕೊಂಡಿದ್ದೋರು ಯಾರೋ” ಎಂದಳು ವಾಸಂತಿ. ಅಲ್ಲಿ ಚಳಿಯಂತೆ, ಕುರಿಗಳು ಬಹಳವಂತೆ, ಮೀನಾಳನ್ನು ಬಂದ ವಾರವೇ ಶಾಲೆಗೆ ಸೇರಿಸಿಕೊಳ್ಳುತ್ತಾರಂತೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಮೀನಾ ತಟ್ಟೆಯಿಂದ ತಲೆ ಎತ್ತಿದಳು.

“ಅಜ್ಜಿಗೆ ಟಿಕೆಟ್ ಬುಕ್ ಮಾಡಿದ್ರಾ?”

ಎಲ್ಲರ ಕೈ ನಿಂತಿತು. ಬೆಳಗಿನಿಂದ ಸಂತೋಷ ನನ್ನಲ್ಲಿ ಹೇಗೆ ತುಂಬಿಕೊಂಡಿತ್ತೆಂದರೆ, ದೇಶ ಸಿಕ್ಕಿತು ಎಂದರೆ ಹೊರಟುಹೋಗುತ್ತಾರೆ ಎಂದು ಒಂದು ಸಲವೂ ಹೊಳೆದಿರಲಿಲ್ಲ.

“ಅಜ್ಜಿ ಇಲ್ಲೇ ಇರ್ತಾಳೆ ಪುಟ್ಟ” ಅಂದಳು ಸುಧಾ.

“ಹಾಗಾದ್ರೆ ನಾನೂ ಹೋಗಲ್ಲ ಲಾ.”

“ಹೋಗ್ತೀಯ” ಅಂದೆ ನಾನು. “ಹೋಗಿ, ಶಾಲೆಗೆ ಸೇರಿ, ನನಗಿಂತ ಒಂದು ಕ್ಲಾಸು ಹೆಚ್ಚಿಗೆ ಓದಿ ನನಗೆ ಕಾಗದ ಬರೀತೀಯ. ಈಗ ಮುದ್ದೆ ತಿನ್ನು. ಅಗಿಬೇಡ, ನುಂಗು.”

ಅವಳು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ನನ್ನ ಮುಖವನ್ನೇ ನೋಡುತ್ತ ಕಷ್ಟಪಟ್ಟು ನುಂಗಿದಳು. ನಾನೂ ನನ್ನ ತಟ್ಟೆಯಿಂದ ಒಂದು ತುತ್ತು ಮುರಿದೆ, ಸಾರಿನಲ್ಲಿ ಅದ್ದಿದೆ, ನುಂಗಿದೆ.